ಕೆಳಗ ಅಂದ್ರ ಎಲ್ಲಿ?

ಕಂಡಕ್ಟರ್ ಸೀಟು ಇವತ್ತೂ ಖಾಲಿಯೇ ಹೊರಟಿತು. ಸಿರುಗುಪ್ಪದಿಂದ ಕುರುಗೋಡಿನ ಮೇಲೆ ಹಾದು ಬಳ್ಳಾರಿಗೆ ಬರುವ ಆ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಬ್ಬಳ ಮಡಿಲಲ್ಲಿ ಇನ್ನೊಬ್ಬಳ ಕೂಸು, ಆ ಇನ್ನೊಬ್ಬಳ ಕಾಲ ಮೇಲೆ ಮತ್ಯಾರದೋ ಸೌತೆಕಾಯಿ ಬುಟ್ಟಿ. ಗಂಗೋತ್ರಿ ಮಾತ್ರ ಕಂಬಿಗೆ ಒರಗಿ ನಿಂತೇ ಟಿಕೆಟ್ ಕೊಡುತ್ತಿದ್ದಳು. ಆ ಸೀಟನ್ನು ಕಿತ್ತು ಮನೆಗೆ ಒಯ್ಯುತ್ತೇನೆ, ಯಾರಾದರೂ ಕೂತು ಪುಣ್ಯ ಕಟ್ಟಿಕೊಳ್ಳಲಿ ಎಂದು ಡ್ರೈವರ್ ರಾಮಪ್ಪ ಚುಡಾಯಿಸಿದ. ಕುಂತ ಕಂಡಕ್ಟರಿಗೆ ಮಂದಿ ಹೆದರುವುದಿಲ್ಲ ಎಂದು ಆಕೆ ಅಲ್ಲಿಂದಲೇ ತಿರುಗೇಟು ಕೊಟ್ಟಳು. ಮುಂದಿನ ನಾಲ್ಕು ಸಾಲು ನಕ್ಕಿತು.

ನಿಜ ಬೇರೆ ಇತ್ತು. ಕುಳಿತರೆ ಉರಿಯುತ್ತಿತ್ತು. ಗಾಯಕ್ಕೆ ಖಾರಪುಡಿ ತಾಗಿದಂಥ ಉರಿ. ಒಂದಕ್ಕೆ ಹೋಗಿ ಬಂದರಂತೂ ಕಣ್ಣಲ್ಲಿ ನೀರು ಬರುತ್ತಿತ್ತು. ಹಾಗಾಗಿ ಆಕೆ ಡ್ಯೂಟಿಯಲ್ಲಿ ನೀರೇ ಕುಡಿಯುತ್ತಿರಲಿಲ್ಲ. ಕುಡಿದರೂ ಹೋಗುವುದೆಲ್ಲಿ? ಬಸ್ ಸ್ಟ್ಯಾಂಡಿನ ಆ ಕೋಣೆಯ ವಾಸನೆಗೆ ದೆವ್ವವೂ ಹತ್ತಿರ ಸುಳಿಯುವುದಿಲ್ಲ. ಬೆಳಿಗ್ಗೆ ಬಿಗಿಹಿಡಿದರೆ ಮಧ್ಯಾಹ್ನದ ತನಕ ಬಿಗಿಹಿಡಿದೇ ಇರುವುದು ಆಕೆಗೆ ನೌಕರಿಯ ಜೊತೆಗೇ ಬಂದ ರೂಢಿ.

ಮೊದಲು ತೋರಿಸಿದ್ದು ಸಿರುಗುಪ್ಪದಲ್ಲಿ. ಏನಮ್ಮ ಎಂದರೆ ಹೆಣ್ಣುಮಗಳು ಏನು ಹೇಳಬೇಕು? ಬಾಯಲ್ಲಿ ಆಡಬಹುದಾದ ಮಾತು ಒಂದೇ ಇತ್ತು, ಉರಿಮೂತ್ರ. ಅದನ್ನೇ ಹೇಳಿದಳು. ಡಾಕ್ಟರು ಉರಿಮೂತ್ರದ ಗುಳಿಗೆ ಬರೆದರು. ಮೂತ್ರ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಆದರೂ ಇರಲಿ ಎಂದು ಇನ್ನೊಂದು ಕೋರ್ಸು, ಆಮೇಲೆ ಫಂಗಸ್ಸಿನ ಮುಲಾಮು, ಆಮೇಲೆ ಮತ್ತೆ ಗುಳಿಗೆ. ಊರವರು ಹೀಟ್ ಆಗೇತಿ ಎಂದರು. ಬಳ್ಳಾರಿ ಸೀಮೆಯಲ್ಲಿ ಹಲ್ಲು ನೋವಿಗೂ ಹೀಟೇ ಕಾರಣ. ಕಾಮಕಸ್ತೂರಿ ಬೀಜ ನೆನೆಸಿ ಕುಡಿದಳು, ನೆತ್ತಿಗೆ ಔಡಲೆಣ್ಣೆ ಬಡಿದುಕೊಂಡಳು. ಅತ್ತೆ ಅಕ್ಕನಾಗಮ್ಮ, ಕುದಿಯುವ ನೀರಿಗೆ ಗಾಯ ತೊಳೆಯುವ ಆ ವಾಸನೆಯ ಔಷಧಿ ಒಂದು ಮುಚ್ಚಳ ಹಾಕಿ ಎರಡೂ ಹೊತ್ತು ತೊಳಕೋ, ಸ್ವಚ್ಛ ಇದ್ದರೆ ಯಾವ ರೋಗವೂ ಬರುವುದಿಲ್ಲ ಎಂದು ಕಟ್ಟಪ್ಪಣೆ ಮಾಡಿದ್ದಳು. ಸೊಸೆ ಚಾಚೂ ತಪ್ಪದೆ ಮಾಡಿದಳು. ಉರಿ ತಾನೂ ಚಾಚೂ ತಪ್ಪದೆ ಬಂತು.

ಕಡೆಗೆ ಅತ್ತೆಯೇ ತೀರ್ಮಾನ ಕೊಟ್ಟಳು. "ಚೀಲ ತೆಗಸಿಬಿಡೋಣು." ಚೀಲ ಎಂದರೆ ಗರ್ಭಕೋಶ. ಕುರುಗೋಡಿನ ಆ ಓಣಿಯಲ್ಲಿ ಸೊಂಟದ ಕೆಳಗೆ ಏನಾದರೂ ಎಲ್ಲರೂ ಹೇಳುವ ಮದ್ದು ಅದೊಂದೇ. ಅಕ್ಕನಾಗಮ್ಮ ತೆಗೆಸಿದ್ದಳು, ಆಕೆಯ ತಂಗಿಯೂ ತೆಗೆಸಿದ್ದಳು, ಎದುರು ಮನೆಯ ಹುಲುಗಮ್ಮನಂತೂ ಮೂವತ್ತು ತುಂಬುವುದರೊಳಗೇ ತೆಗೆಸಿ ಕೈ ತೊಳೆದುಕೊಂಡಿದ್ದಳು. ಬಳ್ಳಾರಿಯ ಒಂದು ನರ್ಸಿಂಗ್ ಹೋಮಿನವರು ಹೊಟ್ಟೆ ಮುಟ್ಟಿಯೂ ನೋಡದೆ ಅಮಾವಾಸ್ಯೆ ಕಳೆದ ಮೇಲಿನ ಸೋಮವಾರ ಬನ್ನಿ ಎಂದುಬಿಟ್ಟರು. ಗಂಗೋತ್ರಿಗೆ ಇದ್ದವಳು ಒಬ್ಬಳೇ ಮಗಳು. ಇನ್ನೊಂದು ಕೂಸು ಬೇಕು ಎಂಬ ಆಸೆ ಗಂಡ ವೀರೇಶನಿಗಿಂತ ಆಕೆಗೇ ಹೆಚ್ಚು. ಆದರೆ ಕೂಸಿನ ಮಾತಿರಲಿ, ಗಂಡ ಹತ್ತಿರ ಬಂದರೆ ಸಾಕು, ಮೈಯೆಲ್ಲ ಮುದುಡಿ ಗೋಡೆಗೆ ತಿರುಗುತ್ತಿದ್ದಳು. ಪಾಪ, ಜೀನ್ಸ್ ಹೊಲಿಯುವ ಆ ಮನುಷ್ಯ ಒಂದು ದಿನ ಮಾತಿಲ್ಲದೆ ತನ್ನ ಹಾಸಿಗೆಯನ್ನು ಪಡಸಾಲೆಗೆ ಒಯ್ದಿದ್ದ. ಆಕೆಗೆ ಸಂಕಟವಾಯಿತು. ಕರೆಯಲು ಬಾಯಿ ಬರಲಿಲ್ಲ.

ಆದರೆ ಪಾಸ್ ತೋರಿಸಿದ ಕಾಲೇಜು ಹುಡುಗನ ಫೋಟೋವನ್ನು ಎರಡು ಸಲ ನೋಡುವ ಹೆಂಗಸು, ಒಬ್ಬರ ಮಾತು ಕೇಳಿ ಹೊಟ್ಟೆ ಕೊಯ್ಸಿಕೊಳ್ಳುತ್ತಾಳೆಯೇ? ಸೋಮವಾರಕ್ಕೆ ಇನ್ನೂ ಸಮಯವಿದೆ ಎನ್ನುವಾಗಲೇ ಗಂಗೋತ್ರಿ ಡ್ಯೂಟಿ ಮುಗಿಸಿ, ಯೂನಿಫಾರ್ಮಿನಲ್ಲೇ, ಕಂಟೋನ್ಮೆಂಟಿನ ಡಾಕ್ಟರ್ ವರದಾ ಅವರ ಕ್ಲಿನಿಕ್ಕಿಗೆ ಹೋದಳು. ಡಿಪೋದ ಗೆಳತಿ ಶೀಲಾ ಹೇಳಿದ್ದಳು, ಆ ಡಾಕ್ಟರು ಹೆಚ್ಚು ಕೇಳ್ತಾರ, ಕಮ್ಮಿ ಬರೀತಾರ ಅಂತ.

ವರದಾ ಹಳೆಯ ರಿಪೋರ್ಟುಗಳನ್ನೆಲ್ಲ ನೋಡಿ ಪಕ್ಕಕ್ಕಿಟ್ಟರು. ಎಲ್ಲಿ ಉರೀತದ ಎಂದು ಕೇಳಿದರು. ಕೆಳಗ ಎಂದಳು ಗಂಗೋತ್ರಿ.

"ಕೆಳಗ ಅಂದ್ರ ಎಲ್ಲಿ? ಮೊಣಕಾಲೂ ಕೆಳಗೇ ಅದ."

ಗಂಗೋತ್ರಿಗೆ ನಗು ಬಂತು, ಹಿಂದೆಯೇ ನಾಚಿಕೆ. ದಿನವಿಡೀ ಊರ ಮಂದಿಯನ್ನೆಲ್ಲ ಎಲ್ಲಿಗೆ, ಎಲ್ಲಿಗೆ ಎಂದು ಕೇಳುವವಳು ಆಕೆ. ಇಷ್ಟು ಡಾಕ್ಟರುಗಳಲ್ಲಿ ಆಕೆಯನ್ನು ಎಲ್ಲಿ ಎಂದು ಕೇಳಿದವರು ಒಬ್ಬರೂ ಇರಲಿಲ್ಲ. ಉರಿಮೂತ್ರ ರೀ ಎಂದಳು. ಡಾಕ್ಟರು ಬಿಡಲಿಲ್ಲ. ಮೂತ್ರ ಒಳಗಿಂದ ಬರುವಾಗ ಉರಿಯುತ್ತದೆಯೋ, ಬಂದ ಮೂತ್ರ ಹೊರಗೆ ತಾಗಿದ ಜಾಗ ಉರಿಯುತ್ತದೆಯೋ? ಮೂತ್ರಕ್ಕೆ ಹೋಗದಿದ್ದಾಗಲೂ, ಸುಮ್ಮನೆ ಕೂತರೂ ಉರಿಯುತ್ತದೆಯೋ? ಗಂಗೋತ್ರಿ ಯೋಚಿಸಿದಳು. ತಾಗಿದ ಜಾಗ. ಸುಮ್ಮನೆ ಕೂತರೂ. ಹೇಳುತ್ತಿದ್ದಂತೆಯೇ ಆಕೆಗೆ ಹೊಳೆಯಿತು, ಇಷ್ಟು ದಿನ ತಾನು ಆಡಬಹುದಾದ ಮಾತನ್ನು ಆಡಿದ್ದೆನೇ ಹೊರತು ಆಗುತ್ತಿದ್ದುದನ್ನು ಹೇಳಿಯೇ ಇರಲಿಲ್ಲ ಎಂದು.

ಮಂಚದ ಮೇಲೆ ಮಲಗಿಸಿ, ಕಿವಿಗೆ ಹಾಕುವಂಥ ಒಂದು ಹತ್ತಿಕಡ್ಡಿ ತೆಗೆದುಕೊಂಡು, ಇದರಿಂದ ಮುಟ್ಟುತ್ತೇನೆ, ನೋವಾದಲ್ಲಿ ಹೇಳು, ಬೇಡವೆಂದರೆ ಅಲ್ಲಿಗೇ ನಿಲ್ಲಿಸುತ್ತೇನೆ ಎಂದರು ವರದಾ. ತೊಡೆ, ಏನಿಲ್ಲ. ಹೊರಗಿನ ತುಟಿ, ಏನಿಲ್ಲ. ಯೋನಿಯ ಬಾಯಿಯ ಅಂಚಿಗೆ, ಮೂತ್ರದ್ವಾರದ ಪಕ್ಕಕ್ಕೆ ಹತ್ತಿ ತಾಗಿದ್ದೇ ತಡ, ಗಂಗೋತ್ರಿ ಮಂಚ ಬಿಟ್ಟು ಏಳುವಂತಾದಳು. ಹತ್ತಿ! ಹತ್ತಿ ಮುಟ್ಟಿದರೆ ಬೆಂಕಿ ಮುಟ್ಟಿದಂತೆ. ಇಲ್ಲೇ ರೀ, ಇಲ್ಲೇ ಎಂದು ಅತ್ತುಬಿಟ್ಟಳು. ನೋವಿಗಿಂತ ಹೆಚ್ಚಾಗಿ, ಜಾಗ ಸಿಕ್ಕಿತಲ್ಲ ಎಂಬುದಕ್ಕೆ.

ವರದಾ ಮೊಣಕಾಲು, ಭುಜ ಎನ್ನುವಷ್ಟೇ ಸರಾಗವಾಗಿ ಯೋನಿ ಎನ್ನುತ್ತ ವಿವರಿಸಿದರು. ಹುಣ್ಣಿಲ್ಲ, ಸೋಂಕಿಲ್ಲ, ಚರ್ಮ ಸರಿಯಾಗಿದೆ. ಅಲ್ಲಿನ ನರಗಳು ಸುಳ್ಳೇ ಕೂಗುವ ಚಟ ಕಲಿತಿವೆ. ನೋವು ಮಾತ್ರ ಸುಳ್ಳಲ್ಲ. ಇದಕ್ಕೆ ವಲ್ವೊಡೀನಿಯಾ ಅನ್ನುತ್ತಾರೆ. ಯಾವುದರಿಂದ ಶುರುವಾಯಿತು ಎಂದು ಬೆರಳು ಮಾಡಿ ತೋರಿಸಲು ಆಗುವುದಿಲ್ಲ. ಎಂದೋ ಆಗಿದ್ದ ಸೋಂಕಿರಬಹುದು, ಬಾಣಂತನವಿರಬಹುದು. ಆದರೆ ಅದನ್ನು ಕೆದಕುತ್ತಿರುವುದು ಆ ವಾಸನೆಯ ಔಷಧಿ, ಬೇಡದ ಮುಲಾಮು. ಅದರ ಮೇಲೆ, ಬಸ್ಸಿನಲ್ಲಿ ತಾಸುಗಟ್ಟಲೆ ಬಿಗಿಹಿಡಿದು ಹಿಡಿದು ಒಳಗಿನ ಸ್ನಾಯು ಮುಷ್ಟಿ ಕಟ್ಟಿಬಿಟ್ಟಿದೆ, ಬಿಚ್ಚುವುದನ್ನೇ ಮರೆತಿದೆ.

ತೊಳೆಯಲು ಬರೀ ನೀರು. ನೀರು ಕುಡಿಯುವುದು, ಬಂದಾಗ ಹೋಗುವುದು. ಹಚ್ಚಲು ಮರಗಟ್ಟಿಸುವ ಮುಲಾಮು. ರಾತ್ರಿ ಒಂದು ಸಣ್ಣ ಗುಳಿಗೆ, ನರ ಶಾಂತವಾಗಲು. ಅಂಗಡಿಯವನು ಇದು ತಲೆ ಕೆಟ್ಟವರಿಗೆ ಕೊಡುವುದು ಎಂದರೆ ಹೆದರಬೇಡ, ಇಷ್ಟು ಕಮ್ಮಿ ಕೊಡುವುದು ನೋವಿಗೆ ಎಂದರು. ಸ್ನಾಯು ಸಡಿಲಿಸುವುದನ್ನು ಫಿಸಿಯೋಥೆರಪಿಯವರು ಕಲಿಸುತ್ತಾರೆ. ನೋವಾಗುವಾಗ ಗಂಡನಿಗಾಗಿ ಹಲ್ಲು ಕಚ್ಚಿಕೊಳ್ಳುವುದು ಬೇಡ, ಅವನಿಗೆ ಹೇಳು. ತಿಂಗಳುಗಳು ಹಿಡಿಯುತ್ತವೆ, ಪೂರ್ತಿ ಹೋಗುತ್ತದೆಂದು ಆಣೆ ಇಡುವುದಿಲ್ಲ, ಆದರೆ ಬಹಳ ಜನಕ್ಕೆ ಕಮ್ಮಿಯಾಗುತ್ತದೆ. ಗಂಗೋತ್ರಿ ಕೇಳಬೇಕಾದದ್ದನ್ನು ಕೇಳಿಯೇಬಿಟ್ಟಳು.

"ಮತ್ತ ಚೀಲ ರೀ?"

"ಅದೇನ ಮಾಡೇದ ಪಾಪ? ಅದರ ಪಾಡಿಗೆ ಅದು ಅದ. ತಗದ್ರ ಚೀಲ ಹೋಗ್ತದ, ಉರಿ ಅಲ್ಲೇ ಇರ್ತದ."

ಮನೆಗೆ ಮರಳುವ ಬಸ್ಸು ಕೊಳಗಲ್ಲು ದಾಟಿ ಕುರುಗೋಡು ಮುಟ್ಟುವ ತನಕ ಗಂಗೋತ್ರಿ ಆ ಮಾತನ್ನೇ ಮೆಲುಕು ಹಾಕಿದಳು. ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಅತ್ತೆ ಫ್ಯಾನಿನ ಕೆಳಗೆ ಮೊರ ಇಟ್ಟುಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ವೀರೇಶ ಮಗಳಿಗೆ ತಲೆ ಬಾಚುತ್ತಿದ್ದ. ಸೊಸೆ ಚಪ್ಪಲಿ ಬಿಟ್ಟವಳೇ ಮಗಳನ್ನು ಎದುರಿನ ಹುಲುಗಮ್ಮನ ಮನೆಗೆ ಕಳಿಸಿ, ಹತ್ತಿಕಡ್ಡಿಯಿಂದ ಹಿಡಿದು ಗುಳಿಗೆಯ ತನಕ ಎಲ್ಲ ಹೇಳಿದಳು. ಬಸ್ಸಿನಲ್ಲಿ ಮುಂದೆ ಹೋಗ್ರಿ ಎನ್ನುವ ದನಿಯಲ್ಲೇ ಹೇಳಿದಳು. ವೀರೇಶನ ಕೈಯಲ್ಲಿ ಬಾಚಣಿಕೆ ಹಾಗೇ ಉಳಿಯಿತು.

"ಮೊದ್ಲ ಹೇಳಬಾರ್ದೇನ? ನನ್ನ ಮ್ಯಾಲೇ ನಿನಗ ಬ್ಯಾಸರ ಬಂದೈತಿ ಅಂದ್ಕಂಡಿದ್ದೆ" ಎಂದ. ಮಗಳನ್ನು ಕರೆತರುವ ನೆಪ ಮಾಡಿ ಹೊರಗೆ ಹೋದ.

ಅಕ್ಕನಾಗಮ್ಮ ಮೊರದಿಂದ ತಲೆ ಎತ್ತಲಿಲ್ಲ. ಸೋಮವಾರದ ಗತಿ ಏನು, ನರ್ಸಿಂಗ್ ಹೋಮಿನವರಿಗೆ ಮಾತು ಕೊಟ್ಟಾಗಿದೆ, ನಾವೆಲ್ಲ ತೆಗೆಸಿಲ್ಲವೇ, ಯಾರಿಗೆ ಏನಾಗಿದೆ ಎಂದಳು.

"ಕಂಡಕ್ಟರ್ ತನ್ನ ಚೀಲ ಯಾರ ಕೈಯಾಗೂ ಕೊಡಂಗಿಲ್ಲತ್ತೀ" ಎಂದಳು ಗಂಗೋತ್ರಿ. "ಸೋಮವಾರ ನಾ ಡ್ಯೂಟಿಗೆ ಹೊಂಟೀನಿ."

ಅತ್ತೆ ಕಿರುಚುತ್ತಾಳೆ ಎಂದುಕೊಂಡಿದ್ದಳು. ಕಿರುಚಲಿಲ್ಲ. ಒಂದು ಎಸಳು ಸುಲಿದಳು, ಇನ್ನೊಂದು ಸುಲಿದಳು. ಬಾಗಿಲ ಕಡೆ ನೋಡಿ, ಮಗ ದೂರ ಹೋದದ್ದು ಖಾತ್ರಿಯಾದ ಮೇಲೆ, ಗಂಗೋತ್ರಿ ಎಂದೂ ಕೇಳದ ಸಣ್ಣ ದನಿಯಲ್ಲಿ ಕೇಳಿದಳು.

"ಆ ಕಡ್ಡಿ... ಎಲ್ಲಿ ಮುಟ್ಟಿಸಿದ್ರು ಅಂದಿ?"

ಗಂಗೋತ್ರಿ ಮತ್ತೊಮ್ಮೆ ಹೇಳಿದಳು. ಹೆಸರು ಹಿಡಿದೇ ಹೇಳಿದಳು.

"ನಂದೂ ಅಲ್ಲೇ" ಎಂದಳು ಅಕ್ಕನಾಗಮ್ಮ. "ವೀರೇಶ ಸಾಲಿಗೆ ಹೊಂಟಾಗ ತೆಗಸಿದ್ದು. ಇವತ್ತಿಗೂ ಅಲ್ಲೇ ಐತಿ. ತೆಗಸಿದ ಮ್ಯಾಲೂ ಉರಿತೈತಿ ಅಂತ ಯಾರ ಮುಂದ ಹೇಳ್ಲಿ? ನನಗಂತೂ ಹೋಗ್ಲಿಲ್ಲ, ನಿನಗರ ಹೋಕ್ಕತೇನೋ ಅಂತ..."

ಗಂಗೋತ್ರಿ ಮೊರವನ್ನು ಪಕ್ಕಕ್ಕೆ ಸರಿಸಿ ಅತ್ತೆಯ ಬೆಳ್ಳುಳ್ಳಿ ವಾಸನೆಯ ಎರಡೂ ಕೈ ಹಿಡಿದುಕೊಂಡಳು. ಫ್ಯಾನಿನ ಗಾಳಿಗೆ ಸಿಪ್ಪೆಗಳೆದ್ದು ಕೋಣೆಯ ತುಂಬ ಹಾರಾಡಿದವು, ಇಬ್ಬರ ತಲೆಯ ಮೇಲೂ ಕೂತವು. ಕೊಡವಿಕೊಳ್ಳಲು ಯಾರ ಕೈಗೂ ಬಿಡುವಿರಲಿಲ್ಲ.