ಪಿಸುಮಾತಿನ ಬಂಗಡೆ

ಕಾರವಾರದ ಮೀನುಪೇಟೆಯಲ್ಲಿ ಬಂಗಡೆ ಮೀನು ಮಾರುವ ಹೀರಾ ಬಾಯಿಬಿಟ್ಟು ಕೂಗಿದರೆ ಬಂದರಿನ ದೋಣಿಯವರೂ ಇತ್ತ ತಿರುಗಿ ನೋಡುತ್ತಿದ್ದರು. ದೇವರು ಒಬ್ಬೊಬ್ಬರಿಗೆ ಒಂದೊಂದು ಕೊಟ್ಟಿರುತ್ತಾನೆ; ಅವಳಿಗೆ ಕೊಟ್ಟದ್ದು ದನಿ. ಆ ದನಿಯನ್ನು ಅವಳೀಗ ಹದಿನೈದು ದಿನದಿಂದ ನುಂಗಿಕೊಂಡಿದ್ದಳು.

ಮಗಳು ಪ್ರೀತಿ ಒಂದು ಬೆಳಿಗ್ಗೆ ಮೊಬೈಲಿನ ಅಲಾರಾಂ ಕಿರುಚಿದ್ದೇ ಬೆಚ್ಚಿ ಎದ್ದು, ಹಾಗೆಯೇ ಮೂರ್ಛೆ ಹೋಗಿದ್ದಳು. ಹುಟ್ಟಿನಿಂದ ಬಂದ ಹೃದಯದ ದೋಷ ಎಂದ ಡಾಕ್ಟರು ಮಾತ್ರೆ ಬರೆದು, ಹಠಾತ್ತನೆ ಬೆಚ್ಚಿಬೀಳುವಂಥ ಸದ್ದು ಬೇಡ ಎಂದಿದ್ದರು. ಹೀರಾಗೆ ಅಷ್ಟೇ ಸಾಕಾಯಿತು. ಮನೆಯ ಹುಂಜ ಅಂಕೋಲೆಯ ತಂಗಿಯ ಮನೆಗೆ ಗಡೀಪಾರಾಯಿತು. ಕುಕ್ಕರಿನ ಸೀಟಿ ಅಕ್ಕಿಡಬ್ಬದಲ್ಲಿ ಹುದುಗಿತು. ಪೂಜೆಯ ಗಂಟೆಯ ನಾಲಿಗೆಗೆ ಹತ್ತಿ ಸುತ್ತಿ, "ತಪ್ಪು ತಿಳೀಬೇಡ ದೇವಾ, ಸುಮ್ನೆ ಕೈಮುಗಿದ್ರೂ ನಿಂಗೆ ಕೇಳ್ತದೆ" ಎಂದಳು.

ಕೊನೆಗೆ ಕಾಲೇಜೂ ಬೇಡವೆಂದಳು. "ಅಲ್ಲಿ ಗಂಟೆ ಹೊಡೀತಾರೆ. ನೀ ನನ್ನ ಮಗ್ಗುಲಲ್ಲೇ ಕೂತ್ಕೊ."

ಪ್ರೀತಿ ಪೇಟೆಗೆ ಬಂದು ಕುಳಿತಳು. ಹೀರಾ ಗಿರಾಕಿಯ ಕಿವಿಯ ಬಳಿ ಬಾಗಿ, "ಬಂಗಡೆ... ತಾಜಾ..." ಎಂದು ಉಸುರಿದಳು.

"ಎಂತದೇ? ಕದ್ದ ಮಾಲನಾ?" ಎಂದು ಆತ ಹಿಂದೆ ಸರಿದ.

ಹೀರಾಳ ಮೇಲಿನ ಅಕ್ಕರೆಗೆ ಸಾಲಿನ ಮೀನಿನವರೆಲ್ಲ ಪಿಸುಗುಟ್ಟತೊಡಗಿದರು. ಗಿರಾಕಿಗಳೂ ಪಿಸುದನಿಯಲ್ಲೇ ಚೌಕಾಸಿ ಮಾಡಿದರು. ಇಡೀ ಪೇಟೆ ಗುಟ್ಟಿನ ಸಂತೆಯಾಗಿ, ಬೆಕ್ಕುಗಳೂ ಸಂಶಯದಿಂದ ನೋಡಿದವು. ಪ್ರೀತಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ಒಂದು ದಿನ ಅವಳು ತಾಯಿಯ ಕೈ ಹಿಡಿದಳು.

"ಆಯಿ, ಡಾಕ್ಟ್ರು ಹೇಳಿದ್ದು ಕೇಳು. ಹೃದಯದ ಒಂದೊಂದು ಜೀವಕಣದ ಮೈಗೂ ಸಣ್ಣ ಸಣ್ಣ ಬಾಗಿಲು ಇರ್ತದೆ. ಬಡಿತ ಮುಗಿದ ಮೇಲೆ ಪೊಟ್ಯಾಶಿಯಂ ಅದ್ರಿಂದ ಹೊರಗೆ ಹೋದ್ರೇ ಕಣಕ್ಕೆ ವಿಶ್ರಾಂತಿ. ಬಾಗಿಲು ತಯಾರಾಗೂದು ಒಳಗೆ. ಆಮೇಲೆ ಸಣ್ಣ ಚೀಲದಲ್ಲಿ ಕೂತು ಹೊರಮೈಗೆ ಬರ್ಬೇಕು."

"ಬಂದರಿಂದ ಬುಟ್ಟಿ ಪೇಟೆಗೆ ಬಂದ್ಹಾಂಗೆ?"

"ಹಾಂಗೇ. ಆದ್ರೆ ಒಳಗೆ ತಪಾಸಣೆ ಉಂಟು. ಹೆಣಿಗೆ ಸೊಟ್ಟ ಆದ ಬುಟ್ಟಿ ಬಿಡೂದಿಲ್ಲ. ನನ್ನ ಬಾಗಿಲು ಹುಟ್ಟಿನಿಂದ್ಲೇ ಸೊಟ್ಟ, ಸುಮಾರಷ್ಟು ಅಲ್ಲೇ ತಡ್ದು ಬಿದ್ದದೆ."

"ಯಾರವ ತಡಿಯೂವವ? ನಾ ಬಂದು ಮಾತಾಡ್ತೆ!"

"ಅವ ನಿನ್ನ ಬಾಯಿಗೂ ಬಗ್ಗೂದಿಲ್ಲ ಆಯಿ. ಹೊರಗೆ ಬಾಗಿಲು ಕಮ್ಮಿ, ಅದ್ಕೆ ವಿಶ್ರಾಂತಿ ತಡ. ಆಗ ಒಮ್ಮೆಲೇ ಬೆಚ್ಚಿದ್ರೆ ತಾಳ ತಪ್ತದೆ. ಅದಕ್ಕೇ ಮಾತ್ರೆ. ಕಾಲೇಜಿನ ಗಂಟೆ ಯಾವಾಗ ಹೊಡೀತದೆ ಅಂತ ಮೊದ್ಲೇ ಗೊತ್ತಿರ್ತದಲ್ಲ! ಹೋಗಬಹುದು ಅಂತ ಡಾಕ್ಟ್ರೇ ಹೇಳಿದ್ದು."

ಹೀರಾ ಮೀನಿನ ಮೇಲೆ ನೀರು ಚಿಮುಕಿಸಿದಳು. ಮಗಳ ಬಿಳಿಚಿಕೊಂಡ ಆ ಬೆಳಗಿನ ಮುಖ ಕಣ್ಣೆದುರಿಗೇ ಇತ್ತು.

ಪಕ್ಕದಲ್ಲಿ ಹರಿವೆಸೊಪ್ಪು ಮಾರಲು ಕುಳಿತಿದ್ದ ಅಂಕೋಲೆಯ ಮುದುಕಿ ಸುಕ್ರಿ ಎಲೆಯಡಿಕೆ ಉಗಿದು ಬಂದಳು. "ಹೀರಾಬಾಯಿ, ಇನ್ನೊಬ್ಬಳ ತಲೆ ಮೇಲೆ ಬುಟ್ಟಿ ಇಡೂಕೆ ಮುಂಚೆ ನೀ ಎಂತಾ ಮಾಡ್ತೆ?"

"ಹೆಗಲು ತಟ್ತೆ. 'ಬಂತು' ಅಂತ ಹೇಳ್ತೆ. ಇಲ್ದಿದ್ರೆ ಕುತ್ತಿಗೆ ಉಳುಕ್ತದೆ."

"ಕೂಗೂಕೆ ಮುಂಚೆಯೂ ಹಾಂಗೇ ಮಾಡೇ, ಮಾರಾಯ್ತಿ!"

ಹೀರಾ ಮನಸ್ಸಿನಲ್ಲೇ ದೇವರನ್ನು ನೆನೆದು ಮಗಳ ಹೆಗಲು ತಟ್ಟಿದಳು. "ಬಂತು, ಮಗಾ." ಮೊದಲು ಮೆಲ್ಲಗೆ, ಆಮೇಲೆ ಒಂದೊಂದೇ ಮೆಟ್ಟಿಲು ಹತ್ತಿದಂತೆ ದನಿ ಏರಿತು. "ಬಂಗಡೇ... ತಾಜಾ ಬಂಗಡೇ!"

ಪ್ರೀತಿ ಕುಳಿತೇ ಇದ್ದಳು, ನಗುತ್ತಲೇ ಇದ್ದಳು.

ಇಷ್ಟು ದಿನ ಕಟ್ಟಿಹಾಕಿದ್ದ ದನಿಗಳೆಲ್ಲ ಒಡ್ಡು ಒಡೆದವು. ಆದರೆ ನಿಯಮ ನಿಯಮವೇ. ಸಾಲಿನ ಪ್ರತಿಯೊಬ್ಬಳೂ ಎದ್ದು ಬಂದು, ಪ್ರೀತಿಯ ಹೆಗಲು ತಟ್ಟಿ, "ಬಂತು" ಎಂದು ಹೇಳಿ, ಜಾಗಕ್ಕೆ ಓಡಿಹೋಗಿ ಕೂಗಿದಳು. ಮತ್ತೆ ಬಂದಳು, ಮತ್ತೆ ತಟ್ಟಿದಳು. ಗಿರಾಕಿಯೊಬ್ಬ ಚೌಕಾಸಿಗೆ ಮುನ್ನ ಬಂದು ತಟ್ಟಿಹೋದ. ಮಧ್ಯಾಹ್ನದ ಹೊತ್ತಿಗೆ ಪ್ರೀತಿಯ ಚೂಡಿದಾರದ ಹೆಗಲು ಮೀನಿನ ಹುರುಪೆಯಿಂದ ಮಿರಮಿರ ಮಿಂಚುತ್ತಿತ್ತು.

"ಆಯಿ, ಹೃದಯ ಸಮಾ ಉಂಟು, ಹೆಗಲೇ ಹೋಯ್ತು!"

ಹೀರಾ ಕಣ್ಣೊರೆಸಿಕೊಂಡು ಗಹಗಹಿಸಿದಳು. "ಹಾಂಗಾರೆ ನಾಳೆಯಿಂದ ಕಾಲೇಜಿಗೇ ಹೋಗು. ಹೆಗಲಿಗಾದ್ರೂ ರಜೆ ಸಿಗ್ಲಿ."