ಜುಯೆವ್ ಪರವಾಗಿ ಒಂದು ಮಾತು

ನನ್ನ ಬಾಯಿಗೆ ಬೀಗವಿಲ್ಲವೆಂದು ನಮ್ಮ ಗಿರಣಿಯಲ್ಲಿ ಎಲ್ಲರಿಗೂ ಗೊತ್ತು. ನೂರಾರು ಮಗ್ಗಗಳ ಗದ್ದಲದಲ್ಲಿ ಕೂಗಿ ಕೂಗಿ ಮಾತಾಡಿ ಅಭ್ಯಾಸವಾದ ಹೆಂಗಸು ಪಿಸುಗುಟ್ಟುವುದಾದರೂ ಹೇಗೆ? ಆದರೆ ಮೂವತ್ಮೂರನೇ ಇಸವಿಯ ಆ ಸಂಜೆ ನಾನು ಬಾಯಿ ತೆರೆದದ್ದು ಚಟಕ್ಕಲ್ಲ, ಉಪಕಾರ ನೆನೆದು.

ಅವತ್ತು ಪಕ್ಷದ ಶುದ್ಧೀಕರಣ ಸಭೆ, ಅಂದರೆ ಸಲ್ಲದವರನ್ನು ಪಕ್ಷದಿಂದ ಹೊರಹಾಕುವ ಸಭೆ. ಪಕ್ಷದ ಸದಸ್ಯರು ಒಬ್ಬೊಬ್ಬರಾಗಿ ವೇದಿಕೆ ಹತ್ತಿ, ಕೆಂಪು ಬಟ್ಟೆ ಹಾಸಿದ ಮೇಜಿನ ಮೇಲೆ ತಮ್ಮ ಸದಸ್ಯತ್ವದ ಕಾರ್ಡು ಇಟ್ಟು, ಹುಟ್ಟಿದಾಗಿನಿಂದ ನಡೆದದ್ದನ್ನೆಲ್ಲ ಒಪ್ಪಿಸಬೇಕು. ಕೆಳಗೆ ಕೂತವರು ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. ನಾವು ಸೂರ್ಯಕಾಂತಿ ಬೀಜ ಒಡೆದು ಸಿಪ್ಪೆ ಉಗುಳುತ್ತ ಕೂತಿದ್ದೆವು. ಆ ದಿನದ ಸರದಿ ಗಿರಣಿಯ ನಿರ್ದೇಶಕ ಯೆರ್ಮೊಲಾಯ್ ಫೊಮಿಚ್ ಜುಯೆವ್ ಅವರದು.

ಅವರು ಬೇರೆ ಯಾರದೋ ಕತೆಯಂತೆ ತಮ್ಮ ಬದುಕನ್ನು ಹೇಳಿದರು. ಚರ್ಮ ಹದಮಾಡುವವನ ಮಗ. ಹನ್ನೊಂದನೇ ವಯಸ್ಸಿಗೆ ಕಾರ್ಖಾನೆ, ಹತ್ತೊಂಬತ್ತಕ್ಕೆ ತ್ಸಾರನ ಜೈಲು, ಆಮೇಲೆ ಸೈಬೀರಿಯಾ. ಕ್ರಾಂತಿಯಾದ ಮೇಲೆ ಹಳ್ಳಿಹಳ್ಳಿ ಸುತ್ತಿ ನಗರಗಳಿಗೆ ಧಾನ್ಯ ವಸೂಲು ಮಾಡುವ ದಳದ ಮುಖ್ಯಸ್ಥ. ನಡುನಡುವೆ ಕೆಮ್ಮು. ಅವರ ಮೇಲಿದ್ದ ದೂರು ಒಂದೇ: ಮನುಷ್ಯ ಮೆದು, ತಡವಾಗಿ ಬಂದ ಹೆಂಗಸರಿಗೆ ದಂಡ ಹಾಕುವುದಿಲ್ಲ.

“ಬೈದು ಬಿಟ್ಬಿಡ್ತಾರೆ ನೋಡು,” ಎಂದಳು ಪಕ್ಕದ ಮಗ್ಗದ ಮವ್ರಾ. “ಒಂದು ಎಚ್ಚರಿಕೆ ಕೊಟ್ಟು ಕಾರ್ಡು ವಾಪಸ್ ಮಾಡ್ತಾರೆ.”

ಸಭೆಯ ಅಧ್ಯಕ್ಷ ಬಿರ್ಯುಕೊವ್ ಪಕ್ಷದ ಮೇಲಿನವರು ಕಳಿಸಿದವನು, ಇನ್ನೂ ಎಳೆಯ. “ಇವ್ರ ಬಗ್ಗೆ ಒಳ್ಳೇದೋ ಕೆಟ್ಟದ್ದೋ ಹೇಳೋರು ಯಾರಾದ್ರೂ ಇದೀರಾ?” ಎಂದು ಕೇಳಿದ.

ಎಂಟುನೂರು ಜನ, ಒಬ್ಬರೂ ಉಸಿರೆತ್ತಲಿಲ್ಲ. ಜುಯೆವ್ ಕೈಯಿಂದ ಸೌದೆ ಪಡೆದವರು, ಮಗುವಿಗೆ ಹಾಲು ಪಡೆದವರು, ಎಲ್ಲರೂ ತಲೆ ತಗ್ಗಿಸಿದ್ದರು. ನನಗೆ ಮೈಯೆಲ್ಲ ಉರಿಯಿತು.

“ಏ ಗ್ಲಾಶಾ, ಸುಮ್ನೆ ಕೂತ್ಕೊಳೇ,” ಎಂದು ಮವ್ರಾ ನನ್ನ ಲಂಗ ಎಳೆದಳು. “ಮುಗೀತಾ ಬಂತು.”

“ಒಂದ್ ಒಳ್ಳೆ ಮಾತಾಡೋಕೆ ಯಾರಿಗೂ ಆಗಲ್ವೇನ್ರೇ? ನಾಲಿಗೆ ಬಿದ್ದೋಗಿದ್ಯಾ?” ಎಂದು ಎದ್ದು ನಿಂತೆ. ವೇದಿಕೆಯ ಕಡೆ ತಿರುಗಿದೆ.

“ನಾನು ಗ್ಲಫೀರಾ, ಎಲ್ರೂ ಗ್ಲಾಶಾ ಅಂತಾರೆ, ನೇಯ್ಗೆಯವಳು. ಇಪ್ಪತ್ತನೇ ಇಸವಿಲಿ ಇವ್ರ ದಳ ನಮ್ಮೂರು ಸೊಸ್ನೊವ್ಕಾಗೆ ಬಂದಿತ್ತು. ಅಪ್ಪ ಸತ್ತಿದ್ದ, ನಾವು ನಾಲ್ಕು ಮಕ್ಳು. ಬಿತ್ತೋ ಕಾಳು ಮೂರು ಮೂಟೆ ಇತ್ತು. ಇವ್ರು ಮುಟ್ಲಿಲ್ಲ. ಮುಂದಿನ ವರ್ಷ ಕ್ಷಾಮ ಬಂದು ಊರಿಗೂರೇ ಸತ್ತಾಗ ನಾವು ನಾಲ್ವರೂ ಉಳ್ಕೊಂಡ್ವಿ. ಇಂಥೋರನ್ನ ಮೆದು ಅಂತ ಆಡ್ಕೋತೀರಲ್ಲ, ನಾಚ್ಕೆ ಆಗಲ್ವಾ?”

ಚಪ್ಪಾಳೆ ಬೀಳುತ್ತದೆಂದು ಕಾದೆ. ಬೀಜ ಒಡೆಯುವ ಸದ್ದೂ ನಿಂತುಹೋಯಿತು. ಬಿರ್ಯುಕೊವ್ ಪೆನ್ಸಿಲ್ ಎತ್ತಿಕೊಂಡ. ಸಾಮೂಹಿಕ ಹೊಲದಲ್ಲಿ ಒಂದು ಹಿಡಿ ತೆನೆ ಆಯ್ದವರನ್ನೂ ಜೈಲಿಗಟ್ಟುವ ಕಾನೂನು ಹಿಂದಿನ ವರ್ಷವಷ್ಟೇ ಬಂದಿತ್ತು. ಹದಿಮೂರು ವರ್ಷ ಹಳೆಯ ಮೂಟೆಗಳಿಗೂ ಅದಕ್ಕೂ ಗಂಟು ಹಾಕುತ್ತಾರೆಂದು ನನ್ನ ದಡ್ಡ ತಲೆಗೆ ಹೊಳೆದಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

“ಮೂರು ಮೂಟೆ,” ಎಂದ ಅವನು ಮೆಲ್ಲಗೆ. “ಸರ್ಕಾರಕ್ಕೆ ಸೇರ್ಬೇಕಾದ ಕಾಳು. ಎಲ್ಲಿಟ್ಟಿದ್ರಮ್ಮಾ ಅದನ್ನ?”

ಮೂಟೆಗಳಿದ್ದದ್ದು ಬಚ್ಚಲ ಗುಡಿಸಲಿನ ನೆಲಹಲಗೆಯ ಕೆಳಗೆ. ಬಚ್ಚಿಟ್ಟದ್ದು ಅಮ್ಮ ಮತ್ತು ನಾನು. ಜುಯೆವ್ ಹಲಗೆ ಎತ್ತಿ ನೋಡಿದ್ದರು. ಅಮ್ಮ ಅವರ ಕಾಲು ಹಿಡಿದಿದ್ದಳು. ಅವರು ಹಲಗೆ ಮುಚ್ಚಿ, ಹೊರಗೆ ಹೋಗಿ, ಇಲ್ಲೇನೂ ಇಲ್ಲ ಎಂದಿದ್ದರು. ಕಾಳು ಬಚ್ಚಿಟ್ಟ ಮನೆಯವಳೆಂದು ಗೊತ್ತಾದರೆ ಕೆಲಸ, ರೇಷನ್ ಚೀಟಿ, ಮಲಗುವ ಮೂಲೆ ಎಲ್ಲವೂ ಹೋಗುತ್ತಿತ್ತು. ನನ್ನ ಮಗಳಿಗೆ ಆಗ ಆರು ವರ್ಷ.

ನಾನು ತುಟಿ ಬಿಚ್ಚುವ ಮೊದಲೇ ಜುಯೆವ್ ಉತ್ತರ ಕೊಟ್ಟರು.

“ಅಂಗಳದಲ್ಲೇ ಇದ್ವು, ಎಲ್ರಿಗೂ ಕಾಣೋ ಹಾಗೆ. ಅವ್ರಾಗೇ ತಂದಿಟ್ಟಿದ್ರು. ಬೇಡ ಅಂತ ಬಿಟ್ಟೋನು ನಾನು. ಇವ್ಳು ಆಗ ಚಿಕ್ಕ ಹುಡುಗಿ.”

“ಹೌದೇನಮ್ಮಾ?” ಎಂದು ಬಿರ್ಯುಕೊವ್ ನನ್ನನ್ನು ಕೇಳಿದ.

ಜುಯೆವ್ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಿಜ ಹೇಳುತ್ತಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಹೇಳುತ್ತಿರಲಿಲ್ಲ.

“ಹೌದು,” ಎಂದೆ.

ಕಾರ್ಡು ಮೇಜಿನ ಮೇಲೆಯೇ ಉಳಿಯಿತು. ಜುಯೆವ್ ಟೋಪಿ ಎತ್ತಿಕೊಂಡು ಕೆಳಗಿಳಿದರು. ನಾನಿನ್ನೂ ನಿಂತೇ ಇದ್ದೆ. ಹಾದುಹೋಗುವಾಗ “ಕೂತ್ಕೋ ತಾಯಿ,” ಎಂದರು. ಹದಿನೈದು ದಿನ ಕಳೆದ ಮೇಲೆ ಅವರನ್ನು ಮನೆಯಿಂದ ಕರೆದೊಯ್ದರು. ಉತ್ತರದಲ್ಲಿ ಮರ ಕಡಿಯುವ ಶಿಬಿರಕ್ಕೆ ಎಂದರು ಕೆಲವರು. ನಮ್ಮಲ್ಲಿ ಯಾರೂ ಅವರನ್ನು ಮತ್ತೆ ಕಾಣಲಿಲ್ಲ.

ನವೆಂಬರಿನ ಕ್ರಾಂತಿ ಹಬ್ಬಕ್ಕೆ ಗಿರಣಿಯ ಗೋಡೆ ಪತ್ರಿಕೆಯಲ್ಲಿ ನನ್ನ ಹೆಸರು ಬಂತು: ‘ವೈರಿಯನ್ನು ಬಯಲಿಗೆಳೆದ ಜಾಗರೂಕ ನೇಕಾರ್ತಿ.’ ಅದೇ ವೇದಿಕೆಗೆ ಕರೆದು, ಚಪ್ಪಾಳೆ ತಟ್ಟಿ, ಬಹುಮಾನವೆಂದು ಒಂದು ಜೊತೆ ಉಣ್ಣೆಯ ಬೂಟು ಕೊಟ್ಟರು. ಮೂರು ದಿನ ಮಂಚದ ಕೆಳಗೆ ತಳ್ಳಿಟ್ಟೆ. ನಾಲ್ಕನೆಯ ದಿನ ಹಿಮ ಬಿತ್ತು. ಹಾಕಿಕೊಂಡು ಕೆಲಸಕ್ಕೆ ಹೋದೆ.