ಹೊಸ್ತಿಲಲ್ಲಿ ಸಿಕ್ಕಿಕೊಂಡ ಹೆಸರು

ಮಾನ್ವಿಯ ಮನೆ ಬಾಗಿಲಿಗೆ ಕೈ ಅಡ್ಡ ಚಾಚಿ ಅಕ್ಕ ಅನ್ನಪೂರ್ಣ ನಿಂತುಬಿಟ್ಟಳು. "ಹೆಂಡ್ತಿ ಹೆಸರು ಹೇಳು, ಆಮ್ಯಾಲ ಒಳಗ ಬಾ."

ಮದುಮಗ ಚನ್ನವೀರ ಹೊಸ್ತಿಲಾಚೆಯೇ ನಿಂತ. ಬೇರೆ ಮಾತಾದರೆ ಕಷ್ಟದ ಪದ ಬಿಟ್ಟು ಸುಲಭದ್ದು ಹುಡುಕುತ್ತಿದ್ದ. ನೀರು ಕೇಳಲಾಗದೆ ಚಹಾ ಕುಡಿದದ್ದೂ ಉಂಟು. ಹೆಸರಿಗೆ ಬದಲಿ ಎಲ್ಲಿಂದ ತರುವುದು? ಪಕ್ಕದಲ್ಲಿ ವಿಜಯಲಕ್ಷ್ಮಿ, ಬಾಸಿಂಗ ಇನ್ನೂ ಹಣೆಯ ಮೇಲೆ. ಗಂಡ ಉಗ್ಗುತ್ತಾನೆಂದು ಅವಳಿಗೆ ಗೊತ್ತಿರಲಿಲ್ಲ. ದೇವದುರ್ಗದಲ್ಲಿ ಹೆಣ್ಣು ನೋಡಲು ಹೋದಾಗ ಸೋದರಮಾವ ಗಡಿಗೆಪ್ಪನೇ ಎಲ್ಲದಕ್ಕೂ ಉತ್ತರ ಕೊಟ್ಟಿದ್ದ: "ನಮ್ಮ ಹುಡುಗ ಮಾತು ಕಡಿಮಿ ರೀ, ಕೆಲಸ ಜಾಸ್ತಿ." ಆಮೇಲೆ ಅವಳ ಫೋನ್ ಬಂದರೆ ಇವನು ಎತ್ತದೆ ಮೆಸೇಜ್ ಹಾಕುತ್ತಿದ್ದ.

ಮದುವೆಗೆ ಮುಂಚೆ ರಾಯಚೂರಿನ ಸ್ಪೀಚ್ ಥೆರಪಿಸ್ಟ್ ಉಮಾಶ್ರೀ ಮೇಡಂ ಮಾತಿಗಿಂತ ಮೊದಲು ಭಯವನ್ನು ವಿಚಾರಿಸಿದ್ದರು. "ಉಗ್ಗಿದ್ರ ಏನಾಗ್ತದ ಅನ್ನಸ್ತದ ನಿಮಗ?"

"ಎಲ್ಲಾರೂ ನ... ನಗ್ತಾರ. ಆಕಿ ತವರಿಗೆ ಹೊಂಟು ಹೋಗ್ತಾಳ."

"ಅದು ನಿಮ್ಮ ಅಂದಾಜು. ಬೇಕಂತಲೇ ಉಗ್ಗಿ ನೋಡ್ರಿ, ಖರೇನ ಹಂಗ ಆಗ್ತದೇನು ಅಂತ."

ಬಸ್ ಸ್ಟ್ಯಾಂಡಿನಲ್ಲಿ ಹಾಗೆ ಮಾಡಿ ನೋಡಿದ್ದ. ಕಲ್ಮಲದ ಬಸ್ ಯಾವುದೆಂದು ಉಗ್ಗುತ್ತಲೇ ಕೇಳಿದರೆ ಕಂಡಕ್ಟರ್ ಎಲೆ ಅಡಿಕೆ ಜಗಿಯುತ್ತ ಸುಮ್ಮನೆ ಕೈ ತೋರಿಸಿದ್ದ. ಆದರೆ ಕಂಡಕ್ಟರನ ಜೊತೆ ಬಾಳುವೆ ಮಾಡಬೇಕಿರಲಿಲ್ಲವಲ್ಲ.

ಹಿಂದಿನಿಂದ ಗಡಿಗೆಪ್ಪ ಪಿಸುಗುಟ್ಟಿದ: "ಲೇ, ಹೆಸರು ಹೇಳೋ ಒಡಪು ಕಲಿಸೀನಲ್ಲ, ರಾಗ ಹಚ್ಚಿ ಹಾಡಿಬಿಡು."

ಹಾಡಿದರೆ ಅವನು ಉಗ್ಗುತ್ತಿರಲಿಲ್ಲ. ಈ ಹೊತ್ತು ಪಾರು. ನಾಳೆ ಬೆಳಿಗ್ಗೆ? ರೊಟ್ಟಿಯನ್ನೂ ರಾಗ ಹಚ್ಚಿ ಕೇಳುವುದೇ?

"ವಿ... ವಿ... ವಿ..."

ಕುತ್ತಿಗೆಯ ನರ ಉಬ್ಬಿತು, ಕಣ್ಣು ಮುಚ್ಚಿಕೊಂಡವು. ಯಾರೋ ಕಿಸಕ್ಕನೆ ನಕ್ಕರು. ಅಂದಾಜಿನ ಅರ್ಧ ನಿಜವಾಯಿತು. "ದಣದಾನ, ಬಿಡ್ರಿ ಸಾಕು" ಎಂದು ಗಡಿಗೆಪ್ಪ ಮುಂದೆ ನುಗ್ಗಿದ. ಚನ್ನವೀರ ಅವನ ಎದೆಗೆ ಅಂಗೈ ಒತ್ತಿ ತಡೆದ.

"ವಿ... ವಿಜಯಲಕ್ಷ್ಮಿ."

ಕಣ್ಣು ತೆರೆಯಲು ಅಂಜಿಕೆ. ತೆರೆದಾಗ ಅವಳು ಅವನನ್ನೇ ನೋಡುತ್ತಿದ್ದಳು.

"ನೋಡಾಕ ಬಂದಾಗೂ ಹಿಂಗ ಮಾತಾಡಬಹುದಿತ್ತಲ್ರಿ," ಎಂದಳು ಮೆಲ್ಲಗೆ. "ನಾ ನಿಮಗ ಪಸಂದ್ ಇಲ್ಲ, ಮನಿಯವರ ಒತ್ತಾಯಕ್ಕ ಒಪ್ಯಾರ ಅನ್ಕೊಂಡಿದ್ದೆ. ಈಗಿನ ತನಕ ಅದ ಅಂಜಿಕಿ ನನಗ."

ಇಷ್ಟು ದಿನ ಮಾಡಿದ ಯಾವ ಅಂದಾಜಿನಲ್ಲೂ ಇದು ಇರಲಿಲ್ಲ. ಇದಕ್ಕೆ ಒಂದು ಪದದ ಉತ್ತರ ಸಾಲದು. ಅಕ್ಕ ದಾರಿ ಬಿಟ್ಟರೂ ಅವನು ಒಳಗೆ ಹೋಗಲಿಲ್ಲ, ಎಲ್ಲರ ಎದುರೇ "ಪ... ಪ... ಪಸಂ..." ಎಂದು ಶುರುಮಾಡಿದ. ಅವಳು ಕಾದಳು.